ಬೆಕ್ಕಿನ ಹಲ್ಲು ಹೊರಗೆ ಬೆಳ್ಳಗಾಯ್ತು, ಒಳಗೆ ಕರಗ್ತಾ ಇತ್ತು

ಬೆಕ್ಕು ಸಾಕಿರುವವರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಆ ಕ್ಲಿನಿಕ್ ಹೆಸರು ಕೇಳಬೇಡಿ, ಹೇಳುವುದಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇದೆ.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ನಮ್ಮ ಬೆಕ್ಕು ಚಿಕ್ಕಿಗೆ ಈಗ ಏಳು ವರ್ಷ. ಕಳೆದ ಮಳೆಗಾಲದಲ್ಲಿ ಅವಳು ತಿನ್ನುವ ರೀತಿ ಬದಲಾಯಿತು. ತಟ್ಟೆಯ ಸದ್ದು ಕೇಳಿದರೆ ಓಡಿ ಬರುತ್ತಿದ್ದಳು. ಕ್ಯಾಟ್‌ಫುಡ್‌ನ ಒಂದು ಕಾಳು ಬಾಯಿಗೆ ಹಾಕಿಕೊಂಡು ತಲೆ ಬಲಕ್ಕೆ ವಾಲಿಸಿ ಅಗಿಯುತ್ತಿದ್ದಳು. ಅದು ಬಾಯಿಂದ ಕೆಳಗೆ ಬೀಳುತ್ತಿತ್ತು. ಆಮೇಲೆ ತಟ್ಟೆಯನ್ನೇ ನೋಡಿ ಗುರ್ ಅಂದು ಹೋಗಿಬಿಡುತ್ತಿದ್ದಳು. ಮೊಸರನ್ನ ಮಾತ್ರ ನೆಕ್ಕುತ್ತಿದ್ದಳು. "ಕೊಬ್ಬು ಕಣೋ ಅದಕ್ಕೆ, ಎರಡು ದಿನ ಹಸಿದ್ರೆ ಸರಿ ಹೋಗುತ್ತೆ" ಅಂದರು ಅಮ್ಮ. ನಾನೂ ನಕ್ಕು ಸುಮ್ಮನಾದೆ.

ಒಂದು ದಿನ ಕೆನ್ನೆ ಸವರುವಾಗ ನನ್ನ ಬೆರಳು ತುಟಿಯ ಅಂಚಿಗೆ ತಾಗಿತು. ಕೆಳದವಡೆ ಕಟಕಟ ನಡುಗಿತು, ಚಳಿಗೆ ನಮ್ಮ ಹಲ್ಲು ಕಟಗುಟ್ಟುವ ಹಾಗೆ. ಬಾಯಿ ಬಿಡಿಸಿ ನೋಡಿದರೆ ಎಡಗಡೆ ಕೆಳಗಿನ ಒಂದು ಹಲ್ಲಿನ ಬುಡದಲ್ಲಿ ಕೆಂಪು ಚುಕ್ಕೆ. ವಸಡು ಹಲ್ಲಿನ ಮೇಲೆ ಹತ್ತಿ ಬಂದಂತೆ ಇತ್ತು.

ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಟಾರ್ಚ್ ಬಿಟ್ಟು ಅರ್ಧ ನಿಮಿಷ ನೋಡಿದರು. "ವಸಡು ಊದಿದೆ ಸಾರ್. ಕಲ್ಲು ಕಟ್ಟಿದೆ. ಕ್ಲೀನಿಂಗ್ ಮಾಡ್ಬಿಡೋಣ. ಅನಸ್ತೇಷಿಯಾ ಎಲ್ಲಾ ಬೇಡ, ಅದು ರಿಸ್ಕು." ಅರಿವಳಿಕೆ ಕೊಟ್ಟು ಬೆಕ್ಕನ್ನು ಮಲಗಿಸುವುದೇ ಬೇಡ ಅಂದಾಗ ನನಗೆ ಸಮಾಧಾನವೇ ಆಯಿತು. ದುಡ್ಡೂ ಕಮ್ಮಿ.

ಟವೆಲ್ ಸುತ್ತಿ ಹಿಡಿದಿದ್ದು ನಾನೇ. ನೀಲಿ ಟವೆಲ್, ಮನೆಯಿಂದ ಒಯ್ದದ್ದು. ಆ ಕೆಂಪು ಚುಕ್ಕೆಗೆ ಹಲ್ಲು ಕೆರೆಯುವ ಕೊಕ್ಕೆ ತಾಗಿದಾಗ ಚಿಕ್ಕಿ ಕಿರುಚಿದ್ದು ಬೆಕ್ಕಿನ ದನಿ ಅಂತಲೇ ಅನ್ನಿಸಲಿಲ್ಲ. "ಗಟ್ಟಿ ಹಿಡ್ಕೊಳ್ಳಿ ಸಾರ್" ಅಂದರು. ಹಿಡಿದುಕೊಂಡೆ. ಹದಿನೈದು ನಿಮಿಷ.

ಹಲ್ಲು ಬೆಳ್ಳಗಾಯಿತು, ನಿಜ. ಫೋಟೊ ಕೂಡ ತೆಗೆದು ಕಳಿಸಿದರು. ಆಂಟಿಬಯಾಟಿಕ್ ಕೊಟ್ಟರು. ತಿನ್ನಲಿಲ್ಲ ಅಂದದ್ದಕ್ಕೆ ಇನ್ನೊಂದು ಇಂಜೆಕ್ಷನ್ ಆಯಿತು, ನಾಲ್ಕು ದಿನ ತಿಂದಳು, ಮತ್ತೆ ಅದೇ ಕಥೆ. ಮೂರನೇ ವಾರ ಅವಳು ಮಲಗುವ ಬಟ್ಟೆಯ ಮೇಲೆ ಹಲ್ಲಿನ ಚೂರು ಸಿಕ್ಕಿತು. ಅಕ್ಕಿಕಾಳಿನಷ್ಟು. ಒಳಗೆ ಟೊಳ್ಳು.

ಆ ರಾತ್ರಿ ಅಮ್ಮ ಪಾಪ ಅನ್ನಿಸಿ ಪ್ಯಾರಾಸಿಟಮಾಲ್ ಮಾತ್ರೆ ಮುರಿದು ಅರ್ಧವನ್ನು ಮೊಸರಿಗೆ ಹಾಕಲು ಹೊರಟಿದ್ದರು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ನಾನು ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದ್ದೆ. ಅವಳು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವಳು. "ಅಣ್ಣಾ, ಮೊದಲು ದೊಡ್ಡಮ್ಮನ ಕೈಯಿಂದ ಮಾತ್ರೆ ಕಿತ್ಕೋ" ಅಂದಳು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ. ರಕ್ತ ಆಮ್ಲಜನಕ ಒಯ್ಯುವುದನ್ನೇ ನಿಲ್ಲಿಸುತ್ತದೆ. ಅರ್ಧ ಮಾತ್ರೆ ಸಾಕು ಜೀವ ತೆಗೆಯಲು. ಆಮೇಲೆ ಅವಳು ಕೇಳಿದ ಪ್ರಶ್ನೆ ಒಂದೇ: "ಹಲ್ಲಿನ ಎಕ್ಸ್‌ರೇ ತೆಗೆಸಿದ್ರಾ?"

ಇಲ್ಲ. ಕೇಳಿಯೂ ಇರಲಿಲ್ಲ.

ನನಗೆ ನಾಚಿಕೆ ಆಗಿದ್ದು ಯಾಕೆಂದರೆ ಹಲ್ಲು ಕರಗುವ ಇಂಥದ್ದೇ ತೊಂದರೆ ನನ್ನ ಬಾಯಲ್ಲೇ ಆಗಿತ್ತು. ಹೈಸ್ಕೂಲಿನಲ್ಲಿ ಸೈಕಲ್ ಮೇಲಿಂದ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು. ಎಷ್ಟೋ ವರ್ಷದ ಮೇಲೆ ಆ ಹಲ್ಲಿನಲ್ಲಿ ತಿಳಿ ಗುಲಾಬಿ ಚುಕ್ಕೆ ಕಾಣಿಸಿತು. ಚೂರೂ ನೋವಿಲ್ಲ. ಗಾಂಧಿಬಜಾರ್ ಹತ್ತಿರದ ಡೆಂಟಿಸ್ಟ್ ಕೂರಿಸಿದ ಐದು ನಿಮಿಷಕ್ಕೆ ಎಕ್ಸ್‌ರೇ ತೆಗೆದು, "ಒಳಗಿಂದ ಕರಗ್ತಾ ಇದೆ, ಬೇಗ ಬಂದ್ರಿ" ಅಂದರು. ರೂಟ್ ಕೆನಾಲ್ ಆಯಿತು. ಹಲ್ಲಿನೊಳಗಿನ ನರ, ರಕ್ತನಾಳ ತೆಗೆದುಬಿಟ್ಟರೆ ಕರಗಿಸುವ ಕೋಶಗಳಿಗೆ ಆಹಾರ ಇಲ್ಲ, ಅಲ್ಲಿಗೆ ನಿಲ್ಲುತ್ತದೆ. ನನ್ನ ಹಲ್ಲಿಗೆ ಎಕ್ಸ್‌ರೇ, ಬೆಕ್ಕಿನ ಹಲ್ಲಿಗೆ ಟಾರ್ಚ್!

ಹಲ್ಲು ಕರಗಿಸುವ ಆ ಕೋಶಗಳ ಕೆಲಸ ನಮಗೆಲ್ಲ ಗೊತ್ತಿರುವುದೇ. ಬಿದ್ದ ಹಾಲುಹಲ್ಲಿಗೆ ಬೇರು ಇರುವುದಿಲ್ಲ, ಅಲ್ವಾ? ಹೊಸ ಹಲ್ಲು ಬರುವಾಗ ಓಡಾಂಟೊಕ್ಲಾಸ್ಟ್ ಅನ್ನುವ ಕೋಶಗಳು ಅದರ ಬೇರನ್ನು ಕರಗಿಸಿರುತ್ತವೆ. ಬೆಕ್ಕಿನಲ್ಲಿ ಅವೇ ಕೋಶಗಳು ಬೆಳೆದ ಹಲ್ಲಿನ ಬೇರಿನ ಮೇಲೆ ಹೊರಗಿಂದ ಬೀಳುತ್ತವೆ. ಯಾಕೆ ಅಂತ ಇನ್ನೂ ಪೂರ್ತಿ ಪತ್ತೆಯಾಗಿಲ್ಲ. ಹುಳುಕು ಬ್ಯಾಕ್ಟೀರಿಯಾದ ಕೆಲಸ, ಇದು ಮೈಯದೇ ಕೆಲಸ. ಹಾಗಾಗಿ ಬೆಕ್ಕಿಗೆ ಫಿಲ್ಲಿಂಗ್ ಹಾಕಿದರೂ ಅದರ ಕೆಳಗೆ ಕರಗುವುದು ನಡೆದೇ ಇರುತ್ತದೆ. ನನ್ನದರಂತೆ ಹಲ್ಲು ಉಳಿಸಲು ಆಗುವುದಿಲ್ಲ. ಮೇಲೆ ಕೆರೆದರೆ ಕರಗಿ ಬಯಲಾದ ಜಾಗವನ್ನೇ ಕೆರೆದಂತೆ.

ಕೊನೆಗೆ ಹಲ್ಲಿನ ಎಕ್ಸ್‌ರೇ ಇರುವ ಡಾಕ್ಟರ್ ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ. ಆಟೊದಲ್ಲಿ ಒಂದೂವರೆ ಗಂಟೆ, ಚಿಕ್ಕಿ ಬುಟ್ಟಿಯೊಳಗೆ ದಾರಿಯುದ್ದಕ್ಕೂ ಬೈಗುಳ. ರಕ್ತ ಪರೀಕ್ಷೆ ಮಾಡಿ, ಪೂರ್ತಿ ಮಲಗಿಸಿ, ಒಂದೊಂದೇ ಹಲ್ಲಿನ ಚಿತ್ರ ತೆಗೆದರು. ಎಡಗಡೆ ಹಾಳಾಗಿದ್ದು ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದೆ ಮೊದಲು ಬರುವ ಹಲ್ಲು. ಬೆಕ್ಕುಗಳಲ್ಲಿ ಹೆಚ್ಚಾಗಿ ಶುರುವಾಗುವುದೇ ಅಲ್ಲಂತೆ. ಮೇಲ್ಭಾಗ ಮುರಿದಿತ್ತು, ಬೇರು ಮಾತ್ರ ದವಡೆಯಲ್ಲೇ ಕೂತು ಕೀವು ಕಟ್ಟಿಸಿತ್ತು. ಅದನ್ನು ಚೂರೂ ಬಿಡದೆ ಕಿತ್ತರು. ಬಲಗಡೆಯದರಲ್ಲಿ ಬೇರು ಅನ್ನುವುದೇ ಉಳಿದಿರಲಿಲ್ಲ, ಮೂಳೆಯ ಜೊತೆ ಒಂದಾಗಿಬಿಟ್ಟಿತ್ತು. ಅಲ್ಲಿ ಮೇಲಿನ ಭಾಗ ಮಾತ್ರ ತೆಗೆದು ವಸಡು ಹೊಲಿದರು. ಎರಡು ಹಲ್ಲು, ಎರಡು ಬಗೆ. ಬಲಗಡೆಯದು ಹೊರಗಿಂದ ನನಗೆ ಚೆನ್ನಾಗಿಯೇ ಕಂಡಿತ್ತು.

ಅದಕ್ಕೇ ಹೇಳುವುದು, ಹೋಗುವ ಮೊದಲು ಫೋನಿನಲ್ಲೇ ಕೇಳಿ, "ಹಲ್ಲಿನ ಎಕ್ಸ್‌ರೇ ನಿಮ್ಮಲ್ಲಿ ಇದೆಯಾ?" ಅಂತ. ಮೈಯ ಚಿತ್ರ ತೆಗೆಯುವ ದೊಡ್ಡ ಎಕ್ಸ್‌ರೇ ಸಾಲದು, ಎರಡು ಕಡೆಯ ಹಲ್ಲೂ ಒಂದರ ಮೇಲೊಂದು ಬಂದು ಬೇರು ಗೊತ್ತಾಗುವುದಿಲ್ಲ. "ಮಲಗಿಸದೆ ಕ್ಲೀನ್ ಮಾಡ್ತೀವಿ" ಅಂದರೆ ಫೋನ್ ಇಟ್ಟುಬಿಡಿ. ಅನಸ್ತೇಷಿಯಾ ಬಗ್ಗೆ ಭಯ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಆ ಭಯವನ್ನು ಡಾಕ್ಟರ ಮುಂದೆಯೇ ಹೇಳಿ. ಬೆಕ್ಕು ನೋವಿಗೆ ಅಳುವುದಿಲ್ಲ, ಎಷ್ಟೋ ಸಲ ಎಂದಿನಂತೆ ಆಡುತ್ತಿರುತ್ತದೆ. ಕಾಳು ಬಾಯಿಂದ ಬೀಳುವುದು, ತಲೆ ವಾಲಿಸುವುದು, ಜೊಲ್ಲು, ದವಡೆ ನಡುಕ, ಹೆಚ್ಚಾಗಿ ಇಷ್ಟೇ ಕಾಣುವುದು.

ಹೊಲಿಗೆ ಕರಗಿದ ಮೇಲೆ ಚಿಕ್ಕಿ ಮೊದಲ ಸಲ ಕಾಳನ್ನು ಕಟಂ ಅಂತ ಕಡಿದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಬೆಕ್ಕಿಗೆ ಇರುವುದು 30 ಹಲ್ಲು, ಅವಳಿಗೆ ಈಗ 28. ಒಂದು ಹಲ್ಲಿಗೆ ಬಂದರೆ ಇನ್ನೊಂದಕ್ಕೂ ಬರುವುದು ಜಾಸ್ತಿಯಂತೆ, ಆರು ತಿಂಗಳಿಗೊಮ್ಮೆ ತೋರಿಸಬೇಕು. ಆ ನೀಲಿ ಟವೆಲ್ ಮಾತ್ರ ಬೇರೆಯವರಿಗೆ ಕೊಟ್ಟುಬಿಟ್ಟೆ. ಒಣಗಿಸಲು ತಂತಿಗೆ ಹಾಕಿದರೂ ಚಿಕ್ಕಿ ಮಂಚದ ಕೆಳಗೆ ಸೇರಿಬಿಡುತ್ತಿದ್ದಳು.