ಡೆಸಿ ಸೋರ್ಸ್: ಮಾದರಿಗೆ ತಯಾರಿ ಬೇಡ, ಸ್ಪ್ರೇಯರ್‌ಗೆ ಬೇಕು

ಡೆಸಿ ಸೋರ್ಸ್ ಎಂದರೆ ವಿದ್ಯುದಂಶ ಹೊತ್ತ ದ್ರಾವಕವನ್ನು ಮಾದರಿಯ ಮೇಲೆ ಚಿಮ್ಮಿಸಿ, ಅಲ್ಲಿಂದೆದ್ದ ಅಣುಗಳನ್ನು ಅಯಾನುಗಳಾಗಿ ಮಾಸ್ ಸ್ಪೆಕ್ಟ್ರೋಮೀಟರ್‌ಗೆ (ಅಣುಗಳನ್ನು ತೂಗಿ ಗುರುತಿಸುವ ಯಂತ್ರಕ್ಕೆ) ಕಳಿಸುವ ಸಾಧನ. ಮಾತ್ರೆಯನ್ನು ಪುಡಿ ಮಾಡದೆ, ಕರಗಿಸದೆ, ಸೋಸದೆ ಸೀದಾ ಸ್ಪ್ರೇಯ ಕೆಳಗಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಪ್ಯಾರಸಿಟಮಾಲ್‌ನ 152ರ ಪೀಕ್ (ಈ ಅಂಕಿ ಅಯಾನಿನ ದ್ರವ್ಯರಾಶಿಗೂ ವಿದ್ಯುದಂಶಕ್ಕೂ ಇರುವ ಅನುಪಾತ) ಪರದೆಯ ಮೇಲೆ ಏಳುತ್ತದೆ. ಮಾರುವವರು ತೋರಿಸುವ ಈ ಚಮತ್ಕಾರ ಸುಳ್ಳಲ್ಲ. ಅದಕ್ಕೆ ಮುಂಚಿನ ತಿಣುಕಾಟವನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ಸ್ಪ್ರೇಯರ್ ತುದಿಯ ಎತ್ತರ, ಅದರ ಓರೆ, ಹನಿ ಬೀಳುವ ಜಾಗದಿಂದ ಸ್ಪೆಕ್ಟ್ರೋಮೀಟರ್‌ನ ಬಾಯಿಗಿರುವ ದೂರ, ಸ್ಪ್ರೇಯನ್ನು ತಳ್ಳುವ ನೈಟ್ರೋಜನ್‌ನ ಒತ್ತಡ: ಒಂದನ್ನು ತಿದ್ದಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಕೂದಲೆಳೆಯಷ್ಟು ಸರಿದರೂ ಸಿಗ್ನಲ್ ಕುಸಿಯುತ್ತದೆ. ನಮ್ಮ ಸೋರ್ಸ್‌ನ ತಿರುಪುಗಳಲ್ಲಿ ಅಳತೆಯ ಗೆರೆಗಳೇ ಇಲ್ಲ. ಕ್ಯಾಪಿಲರಿ (ದ್ರಾವಕ ಹರಿಯುವ ಸಣ್ಣ ಕೊಳವೆ) ಬದಲಿಸಿದ ದಿನ ಎಲ್ಲವೂ ಮೊದಲಿನಿಂದ. ಇಷ್ಟು ಬೆಲೆಯ ಸಾಧನಕ್ಕೆ ಈ ಜಿಪುಣತನ ಏಕೋ!

ಹಾಗಾಗಿ ಬೆಳಗಿನ ಮೊದಲ ಕೆಲಸ, ಗಾಜಿನ ಸ್ಲೈಡ್ ಮೇಲೆ ಕೆಂಪು ಮಾರ್ಕರ್‌ನಿಂದ ಒಂದು ಪಟ್ಟಿ ಬಳಿಯುವುದು. ಆ ಶಾಯಿಯಲ್ಲಿರುವ ರೋಡಮಿನ್ 6ಜಿ ಎಂಬ ಬಣ್ಣ ಮೊದಲೇ ಧನ ವಿದ್ಯುದಂಶ ಹೊತ್ತಿರುವುದರಿಂದ 443ರಲ್ಲಿ ಸುಲಭವಾಗಿ ಕಾಣಿಸುತ್ತದೆ. (ಎಲ್ಲ ಕೆಂಪು ಪೆನ್ನಿನಲ್ಲೂ ಅದಿರುವುದಿಲ್ಲ, ಇರುವ ಪೆನ್ನನ್ನು ನಾನು ಬೀಗ ಹಾಕಿಡುತ್ತೇನೆ.) ಮೆಥನಾಲ್ ಮತ್ತು ನೀರಿನ ಸ್ಪ್ರೇ ಕೆಂಪನ್ನು ಅಳಿಸುತ್ತಾ ಹೋದಂತೆ ಬಿಳಿಯ ಜಾಡು ಮೂಡುತ್ತದೆ. ಜಾಡು ಸಣ್ಣಗೆ, ಅಂಚು ನೇರವಾಗಿ ಬಂದರೆ ಆ ದಿನ ಕೆಲಸ ನಡೆಯುತ್ತದೆ. ಒಂದು ಪಕ್ಕಕ್ಕೆ ಚೆದುರಿದರೆ ತುದಿ ವಕ್ರವಾಗಿದೆ. ಪರದೆಗಿಂತ ಆ ಜಾಡನ್ನೇ ನಾನು ಹೆಚ್ಚು ನಂಬುತ್ತೇನೆ.

ಸಾಧನವನ್ನೇ ಹಿಂದಿರುಗಿಸಿಬಿಡೋಣ ಎಂಬ ಮಾತನ್ನು ಕೈಬಿಡಿಸಿದ್ದು ಅಂಗಾಂಶದ ಸೀಳುಗಳು. ಡೈಮೀಥೈಲ್ ಫಾರ್ಮಮೈಡ್ ಬೆರೆಸಿದ ದ್ರಾವಕದಿಂದ ಲಿಪಿಡ್‌ಗಳು (ಕೊಬ್ಬಿನಂಥ ಅಣುಗಳು) ಎಲ್ಲೆಲ್ಲಿವೆ ಎಂಬ ಚಿತ್ರ ತೆಗೆದ ಮೇಲೂ ಕೋಶಗಳ ರಚನೆ ಕೆಡುವುದಿಲ್ಲ. ಅದೇ ಸೀಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಇಡಬಹುದು. ಮೊದಲ ಸಲ ಅವು ಅಂಚಿಗೆ ಅಂಚು ಕೂಡಿದಾಗ ತಿರುಪುಗಳ ಮೇಲಿನ ಸಿಟ್ಟು ಅರ್ಧ ಇಳಿಯಿತು.

2004ರಲ್ಲಿ ಡೆಸಿ ಬಂತು, ಮರುವರ್ಷ ಡಾರ್ಟ್ ಎಂಬ, ತಯಾರಿಯಿಲ್ಲದೆ ಮಾದರಿ ಅಳೆಯುವ ಇನ್ನೊಂದು ಸೋರ್ಸ್. ಡಾರ್ಟ್ ಹೊಂದಿಸುವುದು ಇಷ್ಟು ಕಷ್ಟವಲ್ಲ, ಆದರೆ ಅದಕ್ಕೆ ಸಾಮಾನ್ಯವಾಗಿ ಹೀಲಿಯಂ ಬೇಕು. ನಮ್ಮ ಬಜೆಟ್ ನೈಟ್ರೋಜನ್‌ಗೇ ಮುಗಿಯುತ್ತದೆ. ಪ್ಲಾಸ್ಟಿಕ್ ಮೆದುವಾಗಿಸಲು ಬೆರೆಸುವ, ಅದರಿಂದಲೇ ಬರುವ ಥ್ಯಾಲೇಟ್‌ನ 391ರ ಪೀಕ್ ಕರೆಯದೆ ಬರುವ ನೆಂಟ, ಅದಕ್ಕೆ ಒಗ್ಗಿಕೊಂಡಿದ್ದೇನೆ. ಪ್ರಮಾಣವನ್ನು ಖಚಿತವಾಗಿ ಹೇಳಬೇಕಾದ ವರದಿಗೆ ಮಾತ್ರ ಈಗಲೂ ಎಲ್‌ಸಿಯನ್ನೇ (ಲಿಕ್ವಿಡ್ ಕ್ರೊಮ್ಯಾಟೋಗ್ರಫಿ, ಮಾದರಿಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಬಳಸುತ್ತೇನೆ.

ಕೊಳ್ಳುವವರು ಪ್ರಾತ್ಯಕ್ಷಿಕೆಯಲ್ಲಿ ಮಾತ್ರೆ ನೋಡಿ ಮರುಳಾಗಬೇಡಿ. ಸ್ಪ್ರೇಯರ್ ಬಿಚ್ಚಿ, ನಿಮ್ಮೆದುರೇ ಮತ್ತೆ ಜೋಡಿಸಿ ಸಿಗ್ನಲ್ ತೋರಿಸಲು ಹೇಳಿ, ಗಡಿಯಾರ ನೋಡುತ್ತಾ ಕುಳಿತುಕೊಳ್ಳಿ.