ಅಷ್ಟೊಂದು ಸಲ್ಲಿವಾನ್‌ಗಳಲ್ಲಿ ನಮ್ಮವರು ಯಾರು? ಐರ್ಲೆಂಡಿನ ಚರ್ಚು ಮತ್ತು ಜಮೀನು ದಾಖಲೆಗಳ ಜೊತೆ ಆರು ವರ್ಷ

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಹುಟ್ಟಿ ಬೆಳೆದದ್ದು ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್‌ನಲ್ಲಿ. ತಾಮ್ರದ ಗಣಿಯ ಊರು. ಅವರ ತವರು ಮನೆತನದ ಹೆಸರು ಸಲ್ಲಿವಾನ್. ಅವರ ಅಜ್ಜ 1890ರ ದಶಕದಲ್ಲಿ ಐರ್ಲೆಂಡಿನಿಂದ ಬಂದು ಆ ಗಣಿಗೆ ಇಳಿದವರು. ಕಾರ್ಕ್ ಕಡೆಯವರು ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಬೇರೇನೂ ಗೊತ್ತಿರಲಿಲ್ಲ. 2019ರಲ್ಲಿ ಅತ್ತೆ ನನ್ನ ಹತ್ತಿರ ಕೂತು, ನಮ್ಮಜ್ಜ ಹುಟ್ಟಿದ ಮನೆ ಎಲ್ಲಿತ್ತು ಅಂತ ಹುಡುಕಿಕೊಡ್ತೀಯಾ ಎಂದು ಕೇಳಿದರು. ಆಗ ಅವರಿಗೆ 78 ವರ್ಷ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.

ಅಲ್ಲಿಂದ ಆರು ವರ್ಷ ಬಿಡುವಾದಾಗಲೆಲ್ಲ ಇದೇ ಕೆಲಸ ಮಾಡಿದ್ದೇನೆ. ನನ್ನ ಹಾಗೆಯೇ ಐರಿಷ್ ಮೂಲದ ಮನೆ ಸೇರಿದ ಕನ್ನಡದವರು ಕೆಲವರು, ಯಾವ ಜಾಲತಾಣ ಒಳ್ಳೇದು, ಹಣ ಕೊಡಬೇಕಾ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯ ಮಾತು ಮೊದಲೇ ಹೇಳಿಬಿಡ್ತೀನಿ. ಚರ್ಚಿನ ಪುಸ್ತಕದಲ್ಲಿ ನಿಮಗೆ ಬೇಕಾದ ಹೆಸರು ಸಿಗುತ್ತದೆ, ಆದರೆ ಅದೇ ಹೆಸರಿನವರು ಇನ್ನೂ ಹತ್ತು ಜನ ಸಿಗುತ್ತಾರೆ. ಅವರಲ್ಲಿ ನಿಮ್ಮವರು ಯಾರು ಅಂತ ಹೇಳುವುದು ಜಮೀನಿನ ದಾಖಲೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಈ ವಿಷಯ ಎತ್ತಿದ ತಕ್ಷಣ ಎಲ್ಲರೂ, ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆಯಲ್ಲ ಅನ್ನುತ್ತಾರೆ. ಅರ್ಧ ನಿಜ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟವಾಗಿ ಬೆಂಕಿಗೆ ಸಿಕ್ಕಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಚೂರುಪಾರು ಮಾತ್ರ ಉಳಿಯಿತು. 1861 ಮತ್ತು 1871ರ ಗಣತಿ ಕಾಗದಗಳನ್ನು ಸರ್ಕಾರವೇ ಮೊದಲು ನಾಶ ಮಾಡಿತ್ತು. 1881, 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋಗಿದ್ದವು. ಹೀಗಾಗಿ ಪೂರ್ತಿಯಾಗಿ ಉಳಿದ ಅತಿ ಹಳೆಯ ಗಣತಿ ಅಂದರೆ 1901ರದು. ಆದರೆ ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ. ಅವು ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು. ನಮ್ಮ ಅತ್ತೆಯ ಕಡೆಯವರು ಕ್ಯಾಥೊಲಿಕರು, ಹಾಗಾಗಿ ದಾರಿ ಉಳಿದಿತ್ತು.

ಮೊದಲ ಒಂದೂವರೆ ವರ್ಷ ನಾನು ತಪ್ಪು ಜಾಗದಲ್ಲಿ ಹುಡುಕಿದೆ. ಕಾರ್ಕ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಅಂದರೆ ಕಾರ್ಕ್ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೈಕೆಳಗಿನ ಚರ್ಚುಗಳ ಪ್ರದೇಶ) ಇರಬೇಕು ಅಂದುಕೊಂಡು ಅಲ್ಲಿನ ಪುಟಗಳನ್ನೇ ತಿರುವುತ್ತಿದ್ದೆ. ದಾರಿ ತೋರಿಸಿದ್ದು ಇಂಟರ್‌ನೆಟ್ ಅಲ್ಲ, ಅತ್ತೆಯ ಮನೆಯ ಬಿಸ್ಕತ್ತಿನ ಡಬ್ಬಿ. ಅದರ ತಳದಲ್ಲಿ ಕಪ್ಪು ಅಂಚಿನ ಒಂದು ಕಾರ್ಡು ಇತ್ತು. ಅಜ್ಜನ ತಾಯಿ ತೀರಿಕೊಂಡಾಗ ಅವರ ನೆನಪಿಗೆ ಅಚ್ಚು ಹಾಕಿಸಿ ಐರ್ಲೆಂಡಿನಿಂದ ಕಳಿಸಿದ್ದು. ಅದರಲ್ಲಿ ಎರಡು ಹೆಸರು: ಕಮಿಂಚಿಸ್, ಆಲಿಹೀಸ್. ನೀವು ಯಾವ ಜಾಲತಾಣಕ್ಕೂ ಹೋಗುವ ಮೊದಲು ಮನೆಯ ಹಳೇ ಡಬ್ಬಿ, ಪ್ರಾರ್ಥನೆ ಪುಸ್ತಕ, ಫೋಟೋದ ಹಿಂಭಾಗ ನೋಡಿ. ಬೇಕಾಗಿರುವುದು ಒಂದೇ ಒಂದು ಮಾತು, ಟೌನ್‌ಲ್ಯಾಂಡಿನ ಹೆಸರು.

ಟೌನ್‌ಲ್ಯಾಂಡ್ ಅಂದರೆ ಪಟ್ಟಣ ಅಲ್ಲ. ಸ್ವಂತ ಹೆಸರಿರುವ ಅತಿ ಚಿಕ್ಕ ನೆಲದ ಪಾಲು. ನಮ್ಮಲ್ಲಿ ಒಂದು ಗ್ರಾಮದೊಳಗೆ ಮಜರೆಗಳು ಇರುವ ಹಾಗೆ. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಟೌನ್‌ಲ್ಯಾಂಡುಗಳು ಸೇರಿ ಪ್ಯಾರಿಷ್. ತೊಡಕು ಇರುವುದು ಇಲ್ಲಿ: ಪ್ಯಾರಿಷ್ ಎರಡು ಬಗೆ. ಜಮೀನಿನ ದಾಖಲೆ ನಡೆಯುವುದು ಸಿವಿಲ್ ಪ್ಯಾರಿಷ್ ಮೇಲೆ. ದೀಕ್ಷಾಸ್ನಾನ, ಮದುವೆಗಳು ಇರುವುದು ಕ್ಯಾಥೊಲಿಕ್ ಪ್ಯಾರಿಷ್‌ನಲ್ಲಿ. ಎರಡರ ಹೆಸರೂ ಗಡಿಯೂ ಬೇರೆ ಬೇರೆ ಇರಬಹುದು. ನಮ್ಮ ಕಮಿಂಚಿಸ್ ಕ್ಯಾಥೊಲಿಕ್ ಲೆಕ್ಕದಲ್ಲಿ ಆಲಿಹೀಸ್ ಪ್ಯಾರಿಷ್, ಸಿವಿಲ್ ಲೆಕ್ಕದಲ್ಲಿ ಕಿಲ್ನಮಾನಾ. ಇನ್ನೂ ಒಂದು ಇದೆ. ಬೇರಾ ಪರ್ಯಾಯ ದ್ವೀಪದ ಈ ತುದಿ ಕಾರ್ಕ್ ಕೌಂಟಿಯಲ್ಲಿದ್ದರೂ ಸೇರುವುದು ಕೆರಿ ಧರ್ಮಪ್ರಾಂತ್ಯಕ್ಕೆ. ನನ್ನ ಒಂದೂವರೆ ವರ್ಷ ಹೋದದ್ದು ಈ ಒಂದು ವಿಷಯ ಗೊತ್ತಿಲ್ಲದೆ.

ಆಲಿಹೀಸ್ ಹೆಸರು ನೋಡಿದ ಮೇಲೆ ಬ್ಯೂಟ್ ಯಾಕೆ ಅನ್ನುವುದೂ ಅರ್ಥವಾಯಿತು. ಅಲ್ಲಿ 1810ರ ದಶಕದಿಂದ ತಾಮ್ರದ ಗಣಿ ಇತ್ತು. ಪಕ್ಸ್ಲಿ ಎಂಬ ಜಮೀನ್ದಾರಿ ಮನೆತನ ಅದನ್ನು ತೆಗೆಸಿತ್ತು. 1880ರ ದಶಕದಲ್ಲಿ ಆ ಗಣಿ ನಿಲ್ಲುವ ಹೊತ್ತಿಗೆ ಬ್ಯೂಟ್‌ನಲ್ಲಿ ತಾಮ್ರ ಏಳುತ್ತಿತ್ತು. ಬಂಡೆ ಒಡೆಯುವುದು ಗೊತ್ತಿದ್ದ ಹುಡುಗರು ಗುಂಪುಗುಂಪಾಗಿ ಅಲ್ಲಿಗೆ ಹೋದರು. ಬ್ಯೂಟ್‌ನಲ್ಲಿ ಇವತ್ತಿಗೂ ಸಲ್ಲಿವಾನ್, ಹ್ಯಾರಿಂಗ್ಟನ್ ಹೆಸರುಗಳು ಸಾಲುಸಾಲಾಗಿ ಸಿಗುವುದು ಇದಕ್ಕೇ.

ಈಗ ಬಳಸಿದ ಜಾಲತಾಣಗಳಿಗೆ ಬರುತ್ತೇನೆ. ನಾನು ಅತಿ ಹೆಚ್ಚು ಕೂತದ್ದು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರ ಜುಲೈನಲ್ಲಿ ತೆರೆದ ಪ್ಯಾರಿಷ್ ಪುಸ್ತಕಗಳ ತಾಣದಲ್ಲಿ. ಪೂರ್ತಿ ಉಚಿತ. ಸುಮಾರು 3,70,000 ಪುಟಗಳ ಚಿತ್ರಗಳಿವೆ, ಹೆಚ್ಚಿನವು 1740ರ ದಶಕದಿಂದ 1880ರ ಆಸುಪಾಸಿನವು. ಅಲ್ಲಿರುವುದು ಪುಟಗಳ ಚಿತ್ರ ಮಾತ್ರ. ಹೆಸರು ಟೈಪ್ ಮಾಡಿ ಹುಡುಕುವಂತಿಲ್ಲ. ಪ್ಯಾರಿಷ್ ಆರಿಸಿ, ತಿಂಗಳು ಆರಿಸಿ, ಕಣ್ಣಿನಿಂದಲೇ ಓದಬೇಕು. ಮೈಕ್ರೋಫಿಲ್ಮ್‌ನಿಂದ ತೆಗೆದ ಕಪ್ಪುಬಿಳುಪು ಚಿತ್ರ, ಕೆಲವು ಕಡೆ ಶಾಯಿ ಮಾಸಿದೆ. ಆದರೂ ನನಗೆ ತುಂಬ ಪ್ರೀತಿಯ ತಾಣ ಇದೇ. ಅಪ್ಪ, ಅಮ್ಮನ ತವರಿನ ಹೆಸರು, ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವ ಗಾಡ್‌ಫಾದರ್, ಗಾಡ್‌ಮದರ್, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ತಾಯಂದಿರ ತವರಿನ ಹೆಸರನ್ನು ಇಷ್ಟು ಜೋಪಾನವಾಗಿ ಬರೆದಿಟ್ಟಿರುವುದು ನೋಡಿ ನನಗೆ ಖುಷಿಯಾಯಿತು.

ಕೆಲವು ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆದಿದ್ದಾರೆ. ಹೆದರಬೇಕಿಲ್ಲ, ಹದಿನೈದು ಇಪ್ಪತ್ತು ಹೆಸರು ಕಲಿತರೆ ಸಾಕು. ಜಾಕೋಬಸ್ ಅಂದರೆ ಜೇಮ್ಸ್, ಗುಲಿಯೆಲ್ಮಸ್ ಅಂದರೆ ವಿಲಿಯಮ್. ಮನೆಯಲ್ಲಿ ನೋರಾ ಅನ್ನಿಸಿಕೊಂಡವಳು ಪುಸ್ತಕದಲ್ಲಿ ಹೊನೊರಾ ಆಗಿರುತ್ತಾಳೆ.

ಹೆಸರು ಟೈಪ್ ಮಾಡಿ ಹುಡುಕಬೇಕು ಅಂದರೆ ಸರ್ಕಾರದ ಐರಿಷ್‌ಜೀನಿಯಾಲಜಿ ತಾಣಕ್ಕೆ ಹೋಗಿ. ಅದೂ ಉಚಿತ. ಸರ್ಕಾರಿ ಜನನ ಮರಣ ನೋಂದಣಿ 1864ರಿಂದ ಶುರು. ಮೂಲ ಪುಟದ ಚಿತ್ರವನ್ನೇ ಇಳಿಸಿಕೊಳ್ಳಬಹುದು. 100 ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಮರಣ ನೋಡಲು ಬಿಟ್ಟಿದ್ದಾರೆ. ಜೊತೆಗೆ ಕೆಲವು ಪ್ರದೇಶಗಳ ಚರ್ಚು ದಾಖಲೆಗಳ ಸೂಚಿಯೂ ಇದೆ, ಕೆರಿ ಧರ್ಮಪ್ರಾಂತ್ಯ ಅದರಲ್ಲಿ ಸೇರಿದೆ. ಅತ್ತೆಯ ಅಜ್ಜನ ಜನನ ನೋಂದಣಿ ಸಿಕ್ಕಿದ್ದು ಇಲ್ಲೇ, 1872ರದು. ಅವರ ದೀಕ್ಷಾಸ್ನಾನದ ತಾರೀಖು ನೋಡಿದರೆ ಹುಟ್ಟಿದ ದಿನಕ್ಕಿಂತ ಎರಡು ವಾರ ಹಿಂದೆ ಇತ್ತು! ಮಗು ಬೇರೆ ಇರಬೇಕು ಅಂದುಕೊಂಡು ಅದನ್ನು ಬದಿಗಿಟ್ಟಿದ್ದೆ. ಆಮೇಲೆ ತಿಳಿಯಿತು, ನೋಂದಣಿ ತಡವಾದರೆ ದಂಡ ಕಟ್ಟಬೇಕಿತ್ತು. ಅದಕ್ಕೆ ಜನ ಹುಟ್ಟಿದ ದಿನವನ್ನೇ ಮುಂದೆ ಹಾಕಿ ಹೇಳುತ್ತಿದ್ದರು. ಎರಡರಲ್ಲಿ ಚರ್ಚಿನ ತಾರೀಖನ್ನೇ ನಂಬಿ.

1901 ಮತ್ತು 1911ರ ಜನಗಣತಿ ರಾಷ್ಟ್ರೀಯ ದಾಖಲಾಗಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಜ್ಜನ ತಂದೆಗೆ 1901ರಲ್ಲಿ 55 ಅಂತಿದೆ, 1911ರಲ್ಲಿ 72. ಹತ್ತು ವರ್ಷದಲ್ಲಿ 17 ವರ್ಷ ಕಳೆದಿದೆ. ಇದಕ್ಕೂ ಕಾರಣ ಇದೆ. 1908ರ ಕಾಯ್ದೆಯಲ್ಲಿ 70 ತುಂಬಿದ ಬಡವರಿಗೆ ಪಿಂಚಣಿ ಬಂತು. 1864ಕ್ಕಿಂತ ಮೊದಲು ಹುಟ್ಟಿದವರ ಹತ್ತಿರ ಜನನ ಪತ್ರ ಇರಲಿಲ್ಲ, ಹಾಗಾಗಿ ಪಿಂಚಣಿಗಾಗಿ ಎಷ್ಟೋ ಜನ ವಯಸ್ಸು ಹೆಚ್ಚಿಸಿ ಹೇಳುತ್ತಿದ್ದರು. ಆದರೆ ನಮ್ಮವರ ವಿಷಯದಲ್ಲಿ 1911ರ ಲೆಕ್ಕವೇ ನಿಜಕ್ಕೆ ಹತ್ತಿರ, ದೀಕ್ಷಾಸ್ನಾನ ಆಗಿದ್ದು 1840ರಲ್ಲಿ. 1911ರ ಅರ್ಜಿಯಲ್ಲಿ ಇನ್ನೊಂದು ಕಲಂ ಇದೆ: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು. ಅಜ್ಜನ ತಾಯಿಯ ಸಾಲಿನಲ್ಲಿ 9 ಮತ್ತು 5 ಅಂತ ಬರೆದಿತ್ತು. ಅದನ್ನು ಓದಿ ಹೇಳಿದಾಗ ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ.

ಇನ್ನು ಕಷ್ಟದ ಭಾಗ. 1840ರ ಆಸುಪಾಸಿನಲ್ಲಿ ಆಲಿಹೀಸ್ ಪುಸ್ತಕದಲ್ಲಿ ಅಜ್ಜನ ತಂದೆಯ ಹೆಸರಿನ ಇಬ್ಬರು ಹುಡುಗರು ಸಿಕ್ಕರು. ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಅಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ, ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಹಾಗೇ. ಅಣ್ಣತಮ್ಮಂದಿರ ಮಕ್ಕಳೆಲ್ಲ ಒಂದೇ ಹೆಸರಿನವರಾಗುತ್ತಾರೆ, ಅಲ್ವಾ. ತಾಯಂದಿರು ಮಾತ್ರ ಬೇರೆ: ಒಬ್ಬರ ತವರು ಹ್ಯಾರಿಂಗ್ಟನ್, ಇನ್ನೊಬ್ಬರದು ಮರ್ಫಿ. ಮದುವೆಯ ಸರ್ಕಾರಿ ನೋಂದಣಿಯಲ್ಲಿ ಹುಡುಗನ ಅಪ್ಪನ ಹೆಸರು ಇರುತ್ತದೆ, ಅಮ್ಮನ ಹೆಸರು ಇರುವುದಿಲ್ಲ. ಅಂದರೆ ಅದರಿಂದ ಏನೂ ಬಗೆಹರಿಯಲಿಲ್ಲ. ಏಳೆಂಟು ತಿಂಗಳು ಇಲ್ಲೇ ನಿಂತಿದ್ದೆ.

ಬಿಡಿಸಿದ್ದು ಗ್ರಿಫಿತ್ ವ್ಯಾಲ್ಯುಯೇಷನ್. ರಿಚರ್ಡ್ ಗ್ರಿಫಿತ್ ಮುಂದಾಳತ್ವದಲ್ಲಿ 1847ರಿಂದ 1864ರವರೆಗೆ ಇಡೀ ದ್ವೀಪದ ಜಮೀನು, ಮನೆಗಳಿಗೆ ತೆರಿಗೆಗಾಗಿ ಬೆಲೆ ಕಟ್ಟಿದರು. ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ಉಚಿತವಾಗಿ ನೋಡಬಹುದು. ಪಹಣಿ ಓದಿ ಗೊತ್ತಿರುವವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಅನುಭವದಲ್ಲಿರುವವರ ಹೆಸರು, ಯಾರಿಂದ ಗೇಣಿಗೆ ಹಿಡಿದಿದ್ದಾರೆ, ಮನೆ ಇದೆಯೋ ಕೊಟ್ಟಿಗೆ ಇದೆಯೋ, ವಿಸ್ತೀರ್ಣ ಎಷ್ಟು, ಬೆಲೆ ಎಷ್ಟು. ಪಕ್ಕದಲ್ಲಿ ನಕ್ಷೆಯ ನಂಬರು. ಒಂದೇ ಟೌನ್‌ಲ್ಯಾಂಡಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಗುರುತಿಗೆ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಕಂಸದಲ್ಲಿ ಸೇರಿಸಿದ್ದಾರೆ. ಆ ಇಬ್ಬರು ಅಪ್ಪಂದಿರಲ್ಲಿ ಒಬ್ಬರು ಕಮಿಂಚಿಸ್‌ನಲ್ಲಿ ಸಿಕ್ಕರು, ಇನ್ನೊಬ್ಬರು ಬೇರೆ ಟೌನ್‌ಲ್ಯಾಂಡಿನಲ್ಲಿ. ಕಮಿಂಚಿಸ್‌ನವರ ಪಕ್ಕದ ಹಿಡುವಳಿಯೇ ಒಂದು ಹ್ಯಾರಿಂಗ್ಟನ್ ಮನೆಯದು. ಅಜ್ಜನ ಅಣ್ಣತಮ್ಮಂದಿರ ದೀಕ್ಷಾಸ್ನಾನದ ನಮೂದುಗಳನ್ನು ನೋಡಿದೆ. ಮೂವರಿಗೆ ಗಾಡ್‌ಫಾದರ್ ಹ್ಯಾರಿಂಗ್ಟನ್‌ಗಳು. ಸೋದರಮಾವನ ಕಡೆಯವರು ಮುಂದೆ ನಿಂತಿದ್ದಾರೆ ಅನ್ನಿಸಿತು.

ಆದರೂ ಖಾತ್ರಿ ಬೇಕಿತ್ತು. 2023ರಲ್ಲಿ ನಾನು, ನನ್ನ ಗಂಡ ಡಬ್ಲಿನ್‌ಗೆ ಹೋದಾಗ ವ್ಯಾಲ್ಯುಯೇಷನ್ ಕಚೇರಿಯ ರದ್ದುಪುಸ್ತಕಗಳನ್ನು ನೋಡಿದೆವು. ಗ್ರಿಫಿತ್ ಆದ ಮೇಲೆ ಹಿಡುವಳಿ ಕೈ ಬದಲಾದಾಗ ಹಳೇ ಹೆಸರು ಹೊಡೆದು ಹೊಸದು ಬರೆದಿದ್ದಾರೆ. ಬೇರೆ ಬೇರೆ ಸಲದ ತಿದ್ದುಪಡಿಗೆ ಬೇರೆ ಬೇರೆ ಬಣ್ಣದ ಶಾಯಿ, ಅಂಚಿನಲ್ಲಿ ವರ್ಷ. ನಮ್ಮ ಖಾತೆ ಬದಲಾವಣೆ ಇದ್ದ ಹಾಗೆ. ಕಮಿಂಚಿಸ್‌ನ ಆ ನಂಬರಿನಲ್ಲಿ ಅಪ್ಪನ ಹೆಸರು ಹೊಡೆದು ವಿಧವೆಯ ಹೆಸರು ಬಂದಿದೆ, ಆಮೇಲೆ ಮಗನದು. ಇನ್ನೊಂದು ಟೌನ್‌ಲ್ಯಾಂಡಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಹುಡುಗ ತನ್ನ ಅಪ್ಪನ ಜಮೀನಿಗೆ ಬಂದು ಅಲ್ಲೇ ಉಳಿದಿದ್ದಾನೆ. 1901ರ ಗಣತಿಯಲ್ಲಿ ಬೇರೆ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಸಿಗುತ್ತಾನೆ. ಅಲ್ಲಿಗೆ ಮರ್ಫಿ ತಾಯಿಯ ಹುಡುಗ ನಮ್ಮವನಲ್ಲ ಅಂತ ತೀರ್ಮಾನವಾಯಿತು. ಕಮಿಂಚಿಸ್ ಸಾಲಿನ ಮೇಲೆ ಮುಂದೆ ಎಲ್‌ಎಪಿ ಅಂತ ಒಂದು ಮುದ್ರೆ ಇತ್ತು. ಭೂ ಕಾಯ್ದೆಯ ಸಾಲದಲ್ಲಿ ಗೇಣಿದಾರ ಆ ಜಮೀನನ್ನು ಕೊಂಡುಕೊಂಡ ಅಂತ ಅರ್ಥ. ಮಲೆನಾಡಿನಲ್ಲಿ ನಮ್ಮಜ್ಜ ಗೇಣಿ ಜಮೀನಿಗೆ ಡಿಕ್ಲರೇಷನ್ ಕೊಟ್ಟು ಖಾತೆ ಮಾಡಿಸಿಕೊಂಡ ದಿನದ ಮಾತನ್ನು ಕೇಳಿ ಬೆಳೆದವಳು ನಾನು. ಆ ಮುದ್ರೆ ನೋಡಿ ನನಗೇ ಕಣ್ಣು ತುಂಬಿತು.

ಹಣ ಕೊಡುವ ತಾಣಗಳ ಬಗ್ಗೆ ಎರಡು ಮಾತು. ನಾನು ಒಂದಕ್ಕೆ ಎರಡು ವರ್ಷ ಚಂದಾ ಕಟ್ಟಿದೆ. ಎರಡನೇ ವರ್ಷದ ಹಣ ನನಗೆ ಗೊತ್ತಾಗುವ ಮೊದಲೇ ಕಾರ್ಡಿನಿಂದ ಹೋಗಿತ್ತು, ವಾಪಸ್ ಬರಲಿಲ್ಲ. ಅಲ್ಲಿನ ಸೂಚಿಯಲ್ಲಿ ನಮ್ಮ ಮನೆತನದ ಎರಡು ನಮೂದುಗಳನ್ನು ತಪ್ಪಾಗಿ ಓದಿ ಬೇರೆ ಹೆಸರಿಗೆ ಹಾಕಿದ್ದರು. ಬೇರೆ ಕೌಂಟಿಯವರಿಗೆ ಚಂದಾ ನಿಜವಾಗಿ ಬೇಕಾಗಬಹುದು. ಕಟ್ಟುವ ಮೊದಲು ನಿಮ್ಮ ಪ್ಯಾರಿಷ್ ಅದರಲ್ಲಿ ಇದೆಯಾ, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದೆ ಅಂತ ನೋಡಿ. ಒಂದು ತಿಂಗಳಿಗೆ ಕಟ್ಟಿ, ಅವತ್ತೇ ತಾನಾಗಿ ನವೀಕರಣ ಆಗುವುದನ್ನು ನಿಲ್ಲಿಸಿ. ಸೂಚಿಯಲ್ಲಿ ಸಿಕ್ಕಿದ್ದನ್ನು ಗ್ರಂಥಾಲಯದ ಮೂಲ ಪುಟದಲ್ಲಿ ಓದದೆ ಬಿಡಬೇಡಿ.

ಗ್ರಿಫಿತ್‌ಗಿಂತ ಹಿಂದೆ ಹೋಗಲು ಇರುವುದು 1823ರಿಂದ 1837ರ ನಡುವೆ ಬರೆದ ಟೈಥ್ ಪುಸ್ತಕ. ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟಂಟ್ ಚರ್ಚಿಗೆ ರೈತರು ಕಟ್ಟಬೇಕಿದ್ದ ದಶಾಂಶದ ಲೆಕ್ಕ. ಕ್ಯಾಥೊಲಿಕರೂ ಕಟ್ಟಬೇಕಿತ್ತು. ಜಮೀನಿಲ್ಲದ ಕೂಲಿಯವರು ಅದರಲ್ಲಿ ಇಲ್ಲವೇ ಇಲ್ಲ. ಅಲ್ಲಿ ಬರುವ ಎಕರೆ ಎಷ್ಟೋ ಸಲ ಐರಿಷ್ ಎಕರೆ, ನಮ್ಮ ಎಕರೆಯ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ನಮಗೆ ಸಿಕ್ಕಿದ್ದು ಒಂದೇ ಹೆಸರು. ಅವರು ಅಪ್ಪನೋ ದೊಡ್ಡಪ್ಪನೋ ಹೇಳಲಾಗದು. ಆ ಹೆಸರನ್ನು ವಂಶವೃಕ್ಷದಲ್ಲಿ ಸೇರಿಸಿಲ್ಲ.

ಅದೇ ಪ್ರಯಾಣದಲ್ಲಿ ಆಲಿಹೀಸ್‌ಗೂ ಹೋದೆವು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿಗಾಗಿ ಕಟ್ಟಿದ್ದ ಮೆಥಡಿಸ್ಟ್ ಚರ್ಚಿನಲ್ಲಿ ಈಗ ಗಣಿ ಮ್ಯೂಸಿಯಂ ಇದೆ. ಬ್ಯೂಟ್‌ನಿಂದ ಬಂದಿದ್ದೇವೆ ಅಂದಾಗ ಅಲ್ಲಿದ್ದವರು ಯಾವ ಸಲ್ಲಿವಾನ್ ಅಂತ ಕೇಳಿದರು. ಟೌನ್‌ಲ್ಯಾಂಡ್ ಹೇಳಿದೆವು. ನಕ್ಷೆಯ ನಂಬರು ಹಿಡಿದು ಹೋದರೆ ಮೊಣಕಾಲೆತ್ತರದ ಎರಡು ಕಲ್ಲುಗೋಡೆ, ಒಳಗೆ ಜರಿಗಿಡ. ಕೆಳಗೆ ಬ್ಯಾಲಿಡಾನಿಗನ್ ಕಡಲತೀರ. ಅಲ್ಲಿನ ಮರಳು ಗಣಿಯಲ್ಲಿ ಪುಡಿ ಮಾಡಿ ತೊಳೆದ ಕಲ್ಲಿನದು. ಗಂಡ ಫೋನಿನ ಕ್ಯಾಮೆರಾ ಹಿಡಿದು ಅಮ್ಮನಿಗೆ ತೋರಿಸಿದರು. ಅವರು ಬಾಗಿಲು ಯಾವ ಕಡೆ ಇತ್ತು ಅಂತ ಕೇಳಿದರು. ಕಡಲಿಗೆ ಮುಖ ಮಾಡಿತ್ತು ಅಂದೆವು.

1911ರಲ್ಲಿ ಬದುಕಿದ್ದ ಆ ಐದು ಮಕ್ಕಳಲ್ಲಿ ನಾಲ್ವರು ಸಿಕ್ಕಿದ್ದಾರೆ. ಮೂವರು ಬ್ಯೂಟ್‌ನಲ್ಲಿ, ಒಬ್ಬರು ಅದೇ ಜಮೀನಿನಲ್ಲಿ. ಉಳಿದ ಒಬ್ಬ ತಂಗಿ 1901ರ ಗಣತಿಯಲ್ಲಿ ಮನೆಯಲ್ಲಿದ್ದಾಳೆ, ಓದು ಬರಹ ಬರುತ್ತದೆ, ಐರಿಷ್ ಮತ್ತು ಇಂಗ್ಲಿಷ್ ಮಾತಾಡುತ್ತಾಳೆ ಅಂತ ಇದೆ. 1911ರಲ್ಲಿ ಇಲ್ಲ. ಅವಳ ಮದುವೆಗಾಗಿ ಈಗ ಅಕ್ಕಪಕ್ಕದ ಪ್ಯಾರಿಷ್‌ಗಳ ಪುಟ ತಿರುವುತ್ತಿದ್ದೇನೆ. ಅತ್ತೆಗೆ ಈಗ 84. ಪ್ರತಿ ಭಾನುವಾರ ಫೋನ್ ಮಾಡಿದಾಗ ಮೊದಲು ಅವಳನ್ನೇ ವಿಚಾರಿಸುತ್ತಾರೆ.