ಇನ್ ದ ರೆಲ್ಮ್ ಆಫ್ ದ ಸೆನ್ಸಸ್ ಬ್ಲೂ-ರೇ: ವಯಸ್ಕರ ಸಿನಿಮಾಕ್ಕೂ ಇಷ್ಟು ಶ್ರದ್ಧೆ ಬೇಕು

ವಯಸ್ಕರ ಸಿನಿಮಾ ಅಂದ ಕೂಡಲೇ ಮೇಕಿಂಗ್ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಮುಖಕ್ಕೇ ಹೊಡೆಯುವ ಲೈಟು, ಯಾವುದೋ ಹೋಟೆಲ್ ರೂಮಿನ ಪರದೆ, ತುಟಿಗೂ ಮಾತಿಗೂ ಹೊಂದದ ಡಬ್ಬಿಂಗ್. ಇಷ್ಟು ಸಾಕು ಅಂತ ಮಾಡುವವರೂ ಅಂದುಕೊಳ್ಳುತ್ತಾರೆ, ನೋಡುವವರೂ ಒಪ್ಪಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಧಾರಾವಾಹಿಗಳ ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡಿದವಳು ನಾನು. ಯಾವ ಸಿನಿಮಾ ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಗೆ, ನೆಲಕ್ಕೆ, ಮೂಲೆಯಲ್ಲಿಟ್ಟ ಪಾತ್ರೆಗೆ.

ಆ ಕಣ್ಣಿನಿಂದಲೇ ಜಪಾನಿನ ನಿರ್ದೇಶಕ ನಾಗಿಸಾ ಓಶಿಮಾ ಅವರ 1976ರ ಚಿತ್ರ 'ಇನ್ ದ ರೆಲ್ಮ್ ಆಫ್ ದ ಸೆನ್ಸಸ್' ನೋಡಿದೆ. ಡಿಸ್ಕ್ ಕ್ರೈಟೀರಿಯನ್ ಕಂಪನಿಯದು, 2009ರಲ್ಲಿ ಬಂದದ್ದು. ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಲೈಂಗಿಕ ದೃಶ್ಯಗಳು ಬರೀ ನಟನೆಯಲ್ಲ, ಕೊನೆಯಲ್ಲಿ ತಡೆಯಲಾಗದಷ್ಟು ಹಿಂಸೆಯೂ ಇದೆ. 1936ರಲ್ಲಿ ಟೋಕಿಯೊದಲ್ಲಿ ಸಾದಾ ಅಬೆ ಎಂಬಾಕೆ ತನ್ನ ಪ್ರಿಯಕರನನ್ನು ಕೊಂದ ನಿಜವಾದ ಪ್ರಕರಣದ ಕಥೆ ಇದು.

ಮುಕ್ಕಾಲು ಪಾಲು ಚಿತ್ರ ಕೋಣೆಗಳ ಒಳಗೇ ನಡೆಯುತ್ತದೆ. ಚಾಪೆಯ ನೆಲ, ಕಾಗದದ ಬಾಗಿಲು, ಕೆಳಗೆ ಹಾಸಿಗೆ, ಅಷ್ಟೇ. ಇಷ್ಟರಲ್ಲೇ ಒಂದೂವರೆ ಗಂಟೆಗೂ ಜಾಸ್ತಿ ಹೊತ್ತು ನೋಡುವವರನ್ನು ಕೂರಿಸುವುದು ಸುಲಭ ಅಲ್ಲ. ಕಲಾ ನಿರ್ದೇಶಕರು ಜುಶೋ ತೋದಾ. ಆಕಾಶವನ್ನೇ ಬಣ್ಣ ಬಳಿದು ನಿಲ್ಲಿಸಿದ 'ಕ್ವೈದಾನ್' ಚಿತ್ರದ ಸೆಟ್ಟುಗಳೂ ಅವರವೇ. ಇಲ್ಲಿ ಅಂಥ ಅಬ್ಬರ ಏನೂ ಇಲ್ಲ. ಶುರುವಿನಲ್ಲಿ ಕೋಣೆ ಚೊಕ್ಕಟ. ಪ್ರೇಮಿಗಳು ಹೊರಗೆ ಬರುವುದನ್ನೇ ಬಿಟ್ಟ ಮೇಲೆ ಹಾಸಿಗೆ ಮಡಿಚುವವರಿಲ್ಲ, ತಟ್ಟೆ ಬಟ್ಟಲು ಎತ್ತುವವರಿಲ್ಲ. ಕೋಣೆ ನಾರುತ್ತಿದೆ ಎಂದು ಕೆಲಸದ ಹೆಂಗಸರು ದೂರುತ್ತಾರೆ. ಆ ಮಾತು ಕೇಳುವ ಹೊತ್ತಿಗೆ ನಮಗೆ ಅದು ಆಗಲೇ ಗೊತ್ತಾಗಿರುತ್ತದೆ, ಕೋಣೆ ನೋಡಿಯೇ. ಸೆಟ್ ಡ್ರೆಸಿಂಗ್ ಅಂದರೆ ಇದು. ಹೊಸದನ್ನು ತಂದು ಜೋಡಿಸುವುದು ಯಾರಾದರೂ ಮಾಡಿಯಾರು. ದೃಶ್ಯದಿಂದ ದೃಶ್ಯಕ್ಕೆ ಲೆಕ್ಕ ತಪ್ಪದೆ ಒಂದು ಕೋಣೆಯನ್ನು ಕೆಡಿಸುತ್ತಾ ಹೋಗುವುದು ತುಂಬಾ ಕಷ್ಟದ ಕೆಲಸ.

ಛಾಯಾಗ್ರಹಣ ಹಿದೆಯೊ ಇತೊ ಅವರದು. ಬೆಳಕು ಮೈಮೇಲೆ ಮೆತ್ತಗೆ ಬೀಳುತ್ತದೆ. ಕೆಂಪು ಬಟ್ಟೆಯ ಪಕ್ಕದಲ್ಲೇ ಚರ್ಮ ಇದ್ದರೂ ಚರ್ಮದ ಬಣ್ಣ ಕೆಡುವುದಿಲ್ಲ. ಡಿಸ್ಕಿನಲ್ಲೂ ಆ ಕೆಂಪು ಗಟ್ಟಿಯಾಗಿ ನಿಂತಿದೆ, ಹರಡಿಲ್ಲ. ಬಣ್ಣದ ವಿಷಯದಲ್ಲಿ ಓಶಿಮಾ ಮೊದಲಿನಿಂದಲೂ ಕಟ್ಟುನಿಟ್ಟು. ಮೊದಮೊದಲ ಬಣ್ಣದ ಚಿತ್ರಗಳ ಕಾಲದಲ್ಲೇ ಹಸಿರನ್ನು ಫ್ರೇಮಿನಿಂದ ಹೊರಗಿಡಬೇಕು ಅಂತ ಪಟ್ಟು ಹಿಡಿದವರು.

ಇದೆಲ್ಲ ಎಂಥ ಇಕ್ಕಟ್ಟಿನಲ್ಲಿ ಆದದ್ದು ಗೊತ್ತಾ? ಜಪಾನಿನ ಕಾನೂನಿನಡಿ ಇಂಥ ಚಿತ್ರವನ್ನು ಅಲ್ಲೇ ಪೂರ್ತಿ ಮಾಡುವ ಹಾಗಿರಲಿಲ್ಲ. ನಿರ್ಮಾಪಕ ಫ್ರಾನ್ಸಿನ ಅನಾತೋಲ್ ದೋಮಾನ್. ಕ್ಯೋಟೊದ ಸ್ಟುಡಿಯೊದಲ್ಲಿ ಶೂಟಿಂಗ್ ಮಾಡಿ, ನೆಗೆಟಿವ್ ತೊಳೆಯದೆ ಹಾಗೇ ಫ್ರಾನ್ಸಿಗೆ ಕಳಿಸುತ್ತಿದ್ದರು. ಅಂದರೆ ಇವತ್ತು ತೆಗೆದದ್ದನ್ನು ಪಕ್ಕದ ಲ್ಯಾಬಿನಿಂದ ತರಿಸಿ ನೋಡಿ, ಸರಿಯಿಲ್ಲದಿದ್ದರೆ ನಾಳೆ ಮತ್ತೆ ತೆಗೆಯುವ ಅನುಕೂಲ ಇಲ್ಲ. ಮಾನಿಟರ್ ಮುಂದೆ ಕೂತು ಕೆಲಸ ಕಲಿತ ನನಗೆ ಇದನ್ನು ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ಸಂಗತಿ. ಜಪಾನಿನಲ್ಲಿ ಲೈನ್ ಪ್ರೊಡ್ಯೂಸರ್, ಅಂದರೆ ಶೂಟಿಂಗಿನ ದಿನನಿತ್ಯದ ವ್ಯವಸ್ಥೆ ನೋಡಿಕೊಳ್ಳುವವರು, ಆಗಿದ್ದದ್ದು ಕೋಜಿ ವಾಕಮಾತ್ಸು. ಕಡಿಮೆ ದುಡ್ಡಿನಲ್ಲಿ, ಅವಸರದಲ್ಲಿ ಮಾಡುವ ವಯಸ್ಕರ ಸಿನಿಮಾಗಳಾದ 'ಪಿಂಕ್' ಚಿತ್ರಗಳಲ್ಲೇ ಹೆಸರು ಮಾಡಿದ ನಿರ್ದೇಶಕ ಅವರು. 1971ರಿಂದ ನಿಕ್ಕಾತ್ಸು ಸ್ಟುಡಿಯೊ ಕೂಡ ಸುಮಾರು 70 ನಿಮಿಷದ ಇಂಥ ಚಿತ್ರಗಳನ್ನು ಸಾಲುಸಾಲಾಗಿ ತೆಗೆಯುತ್ತಿತ್ತು. ಆ ಲೋಕ ಚೆನ್ನಾಗಿ ಗೊತ್ತಿದ್ದವರೇ ಇಲ್ಲಿ ಹೀಗೆ ಕೆಲಸ ಮಾಡಿದ್ದಾರೆ. ಹಾಗಾಗಿ 'ಈ ಥರದ ಸಿನಿಮಾ ಇಷ್ಟೇ' ಅನ್ನುವ ಮಾತನ್ನು ನಾನು ಕೇಳುವುದಿಲ್ಲ. ಬಟ್ಟೆಯಿಲ್ಲದೆ ಕ್ಯಾಮೆರಾ ಮುಂದೆ ನಿಂತ ಎಯಿಕೊ ಮಾತ್ಸುದಾ, ತಾತ್ಸುಯಾ ಫುಜಿ ಇಬ್ಬರಿಗೂ ಹಿಂದಿನ ಗೋಡೆಯಿಂದ ಹಿಡಿದು ಎಲ್ಲವೂ ಮರ್ಯಾದೆ ಕೊಡುತ್ತದೆ.

ಹೊರಗಿನ ದೃಶ್ಯಗಳು ಮಾತ್ರ ಸ್ವಲ್ಪ ಬಡವಾಗಿವೆ. ಸೈನಿಕರು ಸಾಲಾಗಿ ಬರುವಾಗ ಸಾದಾಳ ಪ್ರಿಯಕರ ಕಿಚಿಜೊ ಎದುರು ದಿಕ್ಕಿಗೆ ನಡೆದುಹೋಗುವ ದೃಶ್ಯ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಬೀದಿಗೆ ಒಳಗಿನ ಕೋಣೆಗಳಷ್ಟು ಜೀವ ಇಲ್ಲ.

ಧ್ವನಿ ಮೋನೊ, ಅಂದರೆ ಒಂದೇ ಚಾನೆಲ್. ಜಪಾನಿನ ತಂತಿವಾದ್ಯ ಶಮಿಸೆನ್‌ನ ಸದ್ದು ಚೊಕ್ಕವಾಗಿ ಕೇಳುತ್ತದೆ, ನನಗೆ ಅಷ್ಟು ಸಾಕಾಯಿತು. ಎಕ್ಸ್‌ಟ್ರಾಗಳಲ್ಲಿ ವಾಕಮಾತ್ಸು ಮತ್ತು ಸಹಾಯಕ ನಿರ್ದೇಶಕರು ಮಾತಾಡುವ 2003ರ ಕಾರ್ಯಕ್ರಮ ತಪ್ಪದೆ ನೋಡಿ. ತೋದಾ ಅವರ ಸೆಟ್ಟುಗಳ ಬಗ್ಗೆಯೇ ಒಂದು ಭಾಗ ಇರಬೇಕಿತ್ತು. ಇಲ್ಲ, ಅದು ನನಗೆ ನಿಜವಾಗಿ ಬೇಜಾರು.

ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಮಾತ್ರ. ಬ್ಲೂ-ರೇ ಡಿಸ್ಕು, ಪ್ಲೇಯರುಗಳನ್ನು ದೇಶಗಳ ಪ್ರಕಾರ ರೀಜನ್‌ಗಳಾಗಿ ಹಂಚಿರುತ್ತಾರೆ. ಈ ಡಿಸ್ಕ್ ರೀಜನ್ ಎ, ನಮ್ಮ ದೇಶದ ಪ್ಲೇಯರುಗಳು ರೀಜನ್ ಸಿ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇದ್ದರೆ ಮಾತ್ರ ದುಡ್ಡು ಹಾಕಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ.